ಪಟ್ಟಿಯಲ್ಲಿ ಹೆಸರಿಲ್ಲದವರು

ಓದುಗರ ಪ್ರಶ್ನೆ, ಕಾರವಾರದ ಅಕ್ಕೋರ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಸಿನಿಮಾ ಪ್ರಶಸ್ತಿಗಳ ಮೇಲಿನ ಸಿಟ್ಟು.

ಪ್ರಶ್ನೆ: ಅಕ್ಕೋರೇ, ಅನಂತ್ ನಾಗ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಒಂದು ಸಲವೂ ಬರಲಿಲ್ಲ. ನಮ್ಮ ಕಡೆಯವರು ಅಂತ ಹೇಳುತ್ತಿಲ್ಲ, ನಿಜವಾಗಿಯೂ ಬೇಜಾರಾಗುತ್ತದೆ. ಇದು ಬೇಕಂತಲೇ ಮಾಡಿದ್ದಾ?
(ಹೊನ್ನಾವರದ ಓದುಗರು)

ಉತ್ತರ: ಬೇಜಾರು ನನಗೂ ಇದೆ. ಆದರೆ ಬೇಕಂತಲೇ ಮಾಡಿದ್ದು ಅಂತ ಹೇಳಲಾರೆ. 1974ರ 'ಅಂಕುರ್' ನೆನಪಿಸಿಕೊಳ್ಳಿ. ಆ ಚಿತ್ರಕ್ಕೆ ಶಬಾನಾ ಆಜ್ಮಿ ಅತ್ಯುತ್ತಮ ನಟಿಯಾದರು. ಮಾತು ಬಾರದ ಕುಂಬಾರನ ಪಾತ್ರ ಮಾಡಿದ ಸಾಧು ಮೆಹೆರ್ ಅತ್ಯುತ್ತಮ ನಟರಾದರು. ಜಮೀನ್ದಾರನ ಮಗನಾಗಿದ್ದ ಅನಂತ್ ನಾಗ್ ಅವರಿಗೆ ಏನೂ ಸಿಗಲಿಲ್ಲ. ಆ ಪಾತ್ರವನ್ನು ನೋಡಿದರೆ ಅಸಹ್ಯ ಹುಟ್ಟಬೇಕು, ಹುಟ್ಟುತ್ತದೆ. ಒಳಗೊಳಗೇ ಹೆದರುವ ಹುಡುಗ ಚಾಟಿ ಎತ್ತಿಕೊಂಡು ಬಡವನ ಮೇಲೆ ಎರಗುವ ಆ ದೃಶ್ಯವನ್ನು ಅಷ್ಟು ನಿಜವಾಗಿ ಮಾಡುವುದು ಸುಮ್ನೆ ಮಾತಲ್ಲ. ನೋಡುವವರ ಮನಸ್ಸು ಪೆಟ್ಟು ತಿಂದವನ ಕಡೆ ಹೋಗುತ್ತದೆ. ತೀರ್ಪುಗಾರರೂ ನೋಡುವವರೇ ಅಲ್ವಾ?

ಮರುವರ್ಷ 'ಹಂಸಗೀತೆ' ಬಂತು. ಭೈರವಿ ವೆಂಕಟಸುಬ್ಬಯ್ಯನಾಗಿ ಅವರು ಎಷ್ಟು ಎತ್ತರದಲ್ಲಿದ್ದಾರೆ! ಆದರೆ ಅದೇ 1975ರ ಸಾಲಿನಲ್ಲಿ 'ಚೋಮನ ದುಡಿ'ಯ ಎಂ. ವಿ. ವಾಸುದೇವ ರಾವ್ ಇದ್ದರು. ಪ್ರಶಸ್ತಿ ಅವರ ಪಾಲಾಯಿತು. ಚೋಮನ ಕೈಯಿಂದ ಅದನ್ನು ಕಿತ್ತುಕೊಳ್ಳಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನಿಮಗೂ ಬರಲಿಕ್ಕಿಲ್ಲ.

ನನ್ನ ತಕರಾರು ಬೇರೆ. ರಾಷ್ಟ್ರಪ್ರಶಸ್ತಿಯಲ್ಲಿ ನಾಮಿನೇಷನ್ ಪಟ್ಟಿಯನ್ನು ಪ್ರಕಟಿಸುವುದೇ ಇಲ್ಲ. ಗೆದ್ದವರ ಹೆಸರು ಮಾತ್ರ ಹೊರಗೆ ಬರುತ್ತದೆ. ಕೊನೆಯ ಸುತ್ತಿನಲ್ಲಿ ಯಾರಿದ್ದರು, ಯಾರು ಕೂದಲೆಳೆಯಲ್ಲಿ ತಪ್ಪಿಸಿಕೊಂಡರು ಅನ್ನುವುದು ಕೋಣೆಯೊಳಗೇ ಉಳಿಯುತ್ತದೆ. ಐದು ಹೆಸರು ಹೇಳಿದರೂ ಸಾಕಿತ್ತು. ಆ ಐದರಲ್ಲಿ ಇದ್ದದ್ದೇ ಒಬ್ಬ ನಟನಿಗೆ ದೊಡ್ಡ ಗೌರವ. ಡಾ. ರಾಜ್‌ಕುಮಾರ್ ಅವರಿಗೂ ನಟನೆಗೆ ಈ ಪ್ರಶಸ್ತಿ ಬರಲಿಲ್ಲ. ಬಂದದ್ದು ಹಾಡಿದ್ದಕ್ಕೆ, 1992ರ 'ಜೀವನ ಚೈತ್ರ'ದ ಹಾಡಿಗೆ. ಫಾಲ್ಕೆ ಪ್ರಶಸ್ತಿ ಆಮೇಲೆ ಬಂತು. ಅನಂತ್ ನಾಗ್ ಅವರಿಗೆ 2025ರಲ್ಲಿ ಪದ್ಮಭೂಷಣ ಬಂದಾಗ ಖುಷಿಪಟ್ಟೆ. ಆದರೆ ಅದು ಇಡೀ ಬದುಕಿನ ಕೆಲಸಕ್ಕೆ ಕೊಟ್ಟದ್ದು. ವೆಂಕಟಸುಬ್ಬಯ್ಯನ ಬಾಕಿ ಹಾಗೇ ಇದೆ.

ತಮ್ಮ ಶಂಕರ್ ನಾಗ್ ಅವರ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ 1979ರ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲೇ ಅತ್ಯುತ್ತಮ ನಟ ಅನ್ನಿಸಿಕೊಂಡರು. ನಿರ್ದೇಶಕರು ಶಿರಸಿಯಲ್ಲಿ ಬೆಳೆದ ಗಿರೀಶ್ ಕಾರ್ನಾಡ್. ನಮ್ಮ ಜಿಲ್ಲೆಯವರಿಗೆ ಇದು ಗೊತ್ತಿರಬೇಕು.

ಪ್ರಶ್ನೆ: 'ಬಾರ್ಬಿ' ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರಕ್ಕೆ ನಾಮಿನೇಟ್ ಆಗಿತ್ತು. ನಿರ್ದೇಶಕಿ ಗ್ರೆಟಾ ಗರ್ವಿಗ್, ನಾಯಕಿ ಮಾರ್ಗೊ ರಾಬಿ ಅದೇ ಕೆಲಸಕ್ಕೆ ಆಗಲಿಲ್ಲ. ಕೆನ್ ಪಾತ್ರ ಮಾಡಿದ ರಯಾನ್ ಗಾಸ್ಲಿಂಗ್ ಪೋಷಕ ನಟನಾಗಿ ಆದರು. ಇದೆಂಥ ನ್ಯಾಯ?
(ಶಿರಸಿಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಹೆಣ್ಣಿನ ಕಥೆಯನ್ನು ಹೆಣ್ಣು ಹೇಳಿ, ಪಟ್ಟಿಯಲ್ಲಿ ಗಂಡಿನ ಹೆಸರು ಮಿಂಚಿದರೆ ಸಿಟ್ಟು ಬರುವುದು ಸಹಜ. ನಿನ್ನ ಸಿಟ್ಟು ಸರಿ ಇದೆ ಮಗಾ. ಆದರೆ ಆಸ್ಕರ್ ಕೊಡುವ ಇಡೀ ಅಕಾಡೆಮಿ ಒಟ್ಟಿಗೆ ಕೂತು 'ಈಕೆ ಬೇಡ' ಅಂದದ್ದಲ್ಲ. ನಾನು ಶಾಲೆಯಲ್ಲಿ ಲೆಕ್ಕ ಕಲಿಸಿದವಳು, ಲೆಕ್ಕದಿಂದಲೇ ಹೇಳುತ್ತೇನೆ.

ಅತ್ಯುತ್ತಮ ಚಿತ್ರಕ್ಕೆ ಈಗ 10 ಜಾಗ, ನಿರ್ದೇಶಕರಿಗೆ 5. ಅಂದರೆ ಪ್ರತಿ ವರ್ಷ ಕನಿಷ್ಠ ಐದು ಒಳ್ಳೆಯ ಚಿತ್ರಗಳ ನಿರ್ದೇಶಕರು ಹೊರಗೆ ಉಳಿಯಲೇಬೇಕು. ಮತ ಹಾಕುವವರೂ ಬೇರೆ ಬೇರೆ. ನಿರ್ದೇಶಕರನ್ನು ನಿರ್ದೇಶಕರು ಆರಿಸುತ್ತಾರೆ, ನಟರನ್ನು ನಟರು. ಚಿತ್ರವನ್ನು ಮಾತ್ರ ಎಲ್ಲರೂ.

ಇನ್ನು ಮತದ ರೀತಿ. ಇಷ್ಟದ ಹೆಸರುಗಳನ್ನು ಒಂದು, ಎರಡು, ಮೂರು ಅಂತ ಬರೆಯಬೇಕು. 600 ಮತಪತ್ರ, 5 ಜಾಗ ಅಂತ ಇಟ್ಟುಕೋ. 600ನ್ನು 6ರಿಂದ ಭಾಗಿಸಿ ಒಂದು ಸೇರಿಸಿದರೆ 101. ಅಷ್ಟು ಮಂದಿ ಮೊದಲ ಹೆಸರಾಗಿ ಬರೆದರೆ ಜಾಗ ಖಾತ್ರಿ. ಮೊದಲ ಹೆಸರಾಗಿ ತೀರಾ ಕಡಿಮೆ ಸಿಕ್ಕವರು ಹೊರಗೆ ಹೋಗುತ್ತಾರೆ, ಅವರ ಪತ್ರಗಳು ಮುಂದಿನ ಹೆಸರಿಗೆ ಸೇರುತ್ತವೆ. ಈಗ ಯೋಚಿಸು. ಒಬ್ಬಳನ್ನು 400 ಮಂದಿ ಮೂರನೆಯ ಹೆಸರಾಗಿ ಬರೆದಿದ್ದಾರೆ, ಮೊದಲ ಹೆಸರಾಗಿ ಯಾರೂ ಬರೆದಿಲ್ಲ. ಎಲ್ಲರಿಗೂ ಇಷ್ಟ, ಆದರೂ ಆಕೆ ಹೊರಗೆ. ಇನ್ನೊಬ್ಬನನ್ನು ಬಹಳ ಮಂದಿ ಕೇಳಿಯೇ ಇಲ್ಲ, 101 ಮಂದಿಗೆ ಅವನೇ ಪ್ರಾಣ. ಅವನು ಒಳಗೆ. 'ಅಯ್ಯೋ, ಇವನ್ಯಾರು?' ಅನ್ನಿಸುವ ಹೆಸರುಗಳು ಬರುವುದು, ಗ್ಯಾರಂಟಿ ಅಂದುಕೊಂಡವು ಬಿಟ್ಟುಹೋಗುವುದು ಎಷ್ಟೋ ಸಲ ಹೀಗೇ.

ಅಂದಹಾಗೆ ಗರ್ವಿಗ್ ಅವರ ಹೆಸರು ಚಿತ್ರಕಥೆಗೆ ಇತ್ತು, ರಾಬಿಯವರ ಹೆಸರು ನಿರ್ಮಾಪಕಿಯಾಗಿ ಇತ್ತು. ಮತ್ತೆ, ಬೆನ್ ಆಫ್ಲೆಕ್ ಅವರನ್ನು ನಿರ್ದೇಶಕರ ಪಟ್ಟಿಯಲ್ಲಿ ಬಿಟ್ಟ ವರ್ಷವೇ, ಅಂದರೆ 2013ರಲ್ಲಿ, ಅವರ 'ಆರ್ಗೋ' ಅತ್ಯುತ್ತಮ ಚಿತ್ರವಾಯಿತು.

ಪ್ರಶ್ನೆ: 'ಆರ್‌ಆರ್‌ಆರ್' ಅನ್ನು ಆಸ್ಕರ್‌ನ ಅಂತಾರಾಷ್ಟ್ರೀಯ ಚಿತ್ರ ವಿಭಾಗಕ್ಕೆ ನಮ್ಮವರೇ ಕಳಿಸಲಿಲ್ಲ, ಅದು ಹಾಡಿಗೆ ಆಸ್ಕರ್ ತಂತು. ಪಾಯಲ್ ಕಪಾಡಿಯಾ ಚಿತ್ರವನ್ನೂ ಕಳಿಸಲಿಲ್ಲ. ಕನ್ನಡದ್ದು ಯಾವಾಗ ಹೋಗುತ್ತದೆ?
(ಕುಮಟೆಯ ಓದುಗರು)

ಉತ್ತರ: ಸಿಟ್ಟು ಇಲ್ಲಿ ಖರ್ಚಾಗಬೇಕು. ಒಂದು ದೇಶಕ್ಕೆ ಒಂದೇ ಚಿತ್ರ. ಆರಿಸುವುದು ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾದ ಸಮಿತಿ, ಅಮೆರಿಕದವರಲ್ಲ. ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಗ್ರಾಂಡ್ ಪ್ರಿ ಗೆದ್ದಿತ್ತು. ಅಷ್ಟು ಮಂದಿ ಹೊರಗಿನವರು ಆಗಲೇ ಮೆಚ್ಚಿದ ಚಿತ್ರ. ಅದನ್ನು ಬಿಟ್ಟು 'ಲಾಪತಾ ಲೇಡೀಸ್' ಕಳಿಸಿದರು. ಅದೂ ಒಳ್ಳೆಯ ಚಿತ್ರ, ನಾನು ನಕ್ಕಿದ್ದೇನೆ, ಅತ್ತಿದ್ದೇನೆ. ಆದರೆ ಕೊನೆಯ 15ರಲ್ಲೂ ಬರಲಿಲ್ಲ. 'ಮದರ್ ಇಂಡಿಯಾ', 'ಸಲಾಮ್ ಬಾಂಬೆ', 'ಲಗಾನ್' ಬಿಟ್ಟರೆ ನಾವು ಕಳಿಸಿದ್ದು ಬೇರೆ ಯಾವುದೂ ಕೊನೆಯ ಐದಕ್ಕೆ ಮುಟ್ಟಿಲ್ಲ. 'ಲಗಾನ್' ಮುಟ್ಟಿದ್ದು 2002ರಲ್ಲಿ.

ಕನ್ನಡದ್ದು ಒಂದೂ ಹೋಗಿಲ್ಲ. 'ಘಟಶ್ರಾದ್ಧ', 'ತಬರನ ಕಥೆ' ಮಾಡಿದ ಭಾಷೆಯಿಂದ ಒಂದೂ ಇಲ್ಲ ಅನ್ನುವುದನ್ನು ನನಗೆ ಒಪ್ಪಿಕೊಳ್ಳಲಾಗುವುದಿಲ್ಲ. 2023ರಲ್ಲಿ 'ಕಾಂತಾರ' ಆಸ್ಕರ್ ಪಟ್ಟಿಯಲ್ಲಿದೆ ಅಂತ ಸುದ್ದಿಯಾಯಿತಲ್ಲ, ಅದು ಅರ್ಹತೆ ಪಡೆದ 301 ಚಿತ್ರಗಳ ಪಟ್ಟಿ. ನಾಮಿನೇಷನ್ ಅಲ್ಲ. ಆಗ ನಮ್ಮ ಕಾರವಾರದಲ್ಲೂ ಬಹಳ ಮಂದಿ ಅಭಿನಂದನೆ ಹೇಳಿಕೊಂಡರು, ಪಾಪ. ಅಂಥ ಸುದ್ದಿ ಹಬ್ಬಿಸಿದವರ ಮೇಲೆ ನನಗೆ ಬೇಸರವಿದೆ. ರಿಷಬ್ ಶೆಟ್ಟಿ ಅವರಿಗೆ ಅದೇ ಚಿತ್ರಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದದ್ದು ನಿಜವಾದ ಸುದ್ದಿ.

ಪ್ರಶ್ನೆ: ಯಾರಿಗೂ ಗೊತ್ತಿಲ್ಲದ ಚಿತ್ರದ ನಟಿ ದಿಢೀರಂತ ಪಟ್ಟಿಗೆ ಬಂದರೆ ಸಂಶಯ ಬರುವುದಿಲ್ವಾ?
(ಯಲ್ಲಾಪುರದ ಓದುಗರು)

ಉತ್ತರ: 2023ರಲ್ಲಿ ಆಂಡ್ರಿಯಾ ರೈಸ್‌ಬರೊ ಆಸ್ಕರ್‌ನ ಅತ್ಯುತ್ತಮ ನಟಿ ಪಟ್ಟಿಗೆ ಹೀಗೇ ಬಂದರು. ಜಾಹೀರಾತಿಗೆ ದುಡ್ಡಿಲ್ಲದ ಪುಟ್ಟ ಚಿತ್ರ, ಬೇರೆ ಹೆಸರಾಂತ ನಟರು ಹೊಗಳಿ ಪ್ರಚಾರ ಮಾಡಿದ್ದರು. ಅಕಾಡೆಮಿ ವಿಚಾರಣೆ ಮಾಡಿ ನಾಮಿನೇಷನ್ ಉಳಿಸಿತು. ಆ ವರ್ಷ ಕಪ್ಪುವರ್ಣೀಯ ನಟಿಯರಾದ ವಯೋಲಾ ಡೇವಿಸ್ ಮತ್ತು ಡ್ಯಾನಿಯಲ್ ಡೆಡ್‌ವೈಲರ್ ಹೆಸರು ಬರಲಿಲ್ಲ. ಆ ನೋವು ದೊಡ್ಡದು. ಆದರೆ ಬಂದವಳನ್ನು ಬಯ್ಯುವುದು ಬೇಡ.

ಪ್ರಶ್ನೆ: ಪಟ್ಟಿಗೆ ಬಾರದ್ದರಲ್ಲಿ ಒಂದು ನೋಡಲು ಹೇಳಿ.
(ಅಂಕೋಲೆಯ ಓದುಗರು)

ಉತ್ತರ: ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ, 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. ನಮ್ಮ ಜನಪದ ಕಥೆ: ಮುದುಕಿಯೊಬ್ಬಳು ಊರಿನ ಹುಂಜ ಕದ್ದದ್ದರಿಂದ ಸೂರ್ಯ ಹುಟ್ಟುವುದೇ ನಿಂತುಹೋಗುತ್ತದೆ. 2024ರಲ್ಲಿ ಕಾನ್‌ನ ಚಿತ್ರಶಾಲೆ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು, ಆಸ್ಕರ್‌ನ ಕೊನೆಯ ಪಟ್ಟಿಗೆ ಬರಲಿಲ್ಲ. ಎಲ್ಲಿ ಸಿಕ್ಕರೂ ಬಿಡಬೇಡಿ, ಮಕ್ಕಳನ್ನೂ ಕೂರಿಸಿಕೊಂಡು ನೋಡಿ.