ದಿನಕ್ಕೊಂದು ಆಲ್ಬಮ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೆಸರಾಂತ ಹಳೆಯ ಆಲ್ಬಮ್‌ಗಳನ್ನು ದಿನಕ್ಕೊಂದರಂತೆ ಪೂರ್ತಿಯಾಗಿ ಕೇಳಿ, ಅಂದಂದಿನ ಅನಿಸಿಕೆಯನ್ನು ಬರೆದಿಡುವ ಅಭ್ಯಾಸವನ್ನು ಬೆಂಗಳೂರಿನ ನಮ್ಮ ಓದುಗರಲ್ಲಿ ಹಲವರು ಆರಂಭಿಸಿದ್ದಾರೆಂಬುದು ಈ ತಿಂಗಳ ಪತ್ರಗಳಿಂದ ತಿಳಿಯಿತು. ಆಯ್ದ ಪತ್ರಗಳನ್ನು ಸಂಕ್ಷೇಪಿಸಿ, ಉತ್ತರಗಳೊಂದಿಗೆ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಮೆಟ್ರೊದಲ್ಲಿ ಕೆಲಸಕ್ಕೆ ಹೋಗುವವನು ನಾನು. ದಾರಿಯಲ್ಲಿ ಒಂದು ಆಲ್ಬಮ್ ಕೇಳಿ, ಸಂಜೆ ಗೆಳೆಯರೊಂದಿಗೆ ಅನಿಸಿಕೆ ಹಂಚಿಕೊಳ್ಳುವುದೆಂದು ಮಾತಾಗಿದೆ. ಆದರೆ ನನ್ನ ಟಿಪ್ಪಣಿಗಳೆಲ್ಲ ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ತಲೆಗೆ ಹೋಗಲಿಲ್ಲ’ ಎಂಬ ಮೂರರಲ್ಲೇ ಮುಗಿಯುತ್ತವೆ. ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ಸುಲಭವಾಗಿದೆ. ಅದಕ್ಕಿಂತ ಹೆಚ್ಚಿನದನ್ನು ಬರೆಯುವುದು ಹೇಗೆ?
— ಓದುಗರು, ರಾಜಾಜಿನಗರ

ಉತ್ತರ: ಅಂಕ ಕೊಡುವುದನ್ನು ಕೆಲಕಾಲ ಬಿಟ್ಟುಬಿಡಿ. ಇಷ್ಟವಾಯಿತೇ ಇಲ್ಲವೇ ಎಂಬುದನ್ನು ಬರೆಯುವ ಮೊದಲು ಏನು ಕೇಳಿಸಿತು ಎಂಬುದನ್ನು ಬರೆಯಿರಿ. ಇಷ್ಟಾನಿಷ್ಟವನ್ನು ಮೊದಲು ಬರೆದವರಿಗೆ ಮುಂದೆ ಬರೆಯಲು ಏನೂ ಉಳಿಯುವುದಿಲ್ಲ. ಕೇಳಿಸಿದ್ದನ್ನು ಮೊದಲು ಬರೆದವರಿಗೆ ಇಷ್ಟಾನಿಷ್ಟದ ಕಾರಣ ತಾನಾಗಿಯೇ ಸಿಕ್ಕಿಬಿಡುತ್ತದೆ.

ಪಿಂಕ್ ಫ್ಲಾಯ್ಡ್ ತಂಡದ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅದು ಎದೆಬಡಿತದ ಸದ್ದಿನಿಂದ ಆರಂಭವಾಗಿ ಎದೆಬಡಿತದಲ್ಲೇ ಕೊನೆಗೊಳ್ಳುತ್ತದೆ. ಎಲ್.ಪಿ. ತಟ್ಟೆಯ ಮೊದಲ ಬದಿಯ ಕೊನೆಯಲ್ಲಿ ಕ್ಲೇರ್ ಟೋರಿ ಎಂಬ ಗಾಯಕಿ ಒಂದು ಪದವನ್ನೂ ಬಳಸದೆ ಬರಿಯ ಕಂಠದಿಂದ ಹಾಡುತ್ತಾರೆ. ಎರಡನೆಯ ಬದಿ ನಾಣ್ಯ ಮತ್ತು ಗಲ್ಲಾಪೆಟ್ಟಿಗೆಯ ಸದ್ದಿನೊಂದಿಗೆ ತೆರೆದುಕೊಳ್ಳುತ್ತದೆ. ಆ ಹಾಡಿನ ಎಣಿಕೆ ಏಳರದು. ಮಿಶ್ರ ಚಾಪುವಿನ ಕೀರ್ತನೆಗಳನ್ನು ಕೇಳಿ ಬೆಳೆದವರ ಕೈ ತೊಡೆಯ ಮೇಲೆ ತಾನಾಗಿಯೇ ತಾಳ ಹಾಕತೊಡಗುತ್ತದೆ; ಗಿಟಾರಿನ ಸರದಿ ಬಂದಾಗ ಎಣಿಕೆ ನಾಲ್ಕಕ್ಕೆ ತಿರುಗುವುದರಿಂದ ಆ ಕೈ ಒಂದು ಕ್ಷಣ ತಪ್ಪುತ್ತದೆ. ‘ಇಲ್ಲಿ ಕೈ ತಪ್ಪಿತು’ ಎಂಬ ಒಂದು ಸಾಲು ಹತ್ತಕ್ಕೆ ಎಂಟು ಎಂಬ ಅಂಕಕ್ಕಿಂತ ಹೆಚ್ಚು ಬಾಳುವಂಥದು, ಏಕೆಂದರೆ ವರ್ಷ ಕಳೆದು ಓದಿದರೂ ಅದು ಯಾವ ಜಾಗದ ಮಾತೆಂದು ನಿಮಗೆ ತಿಳಿಯುತ್ತದೆ.

ಎಲ್.ಪಿ. ತಟ್ಟೆಯ ಒಂದು ಬದಿಯಲ್ಲಿ ಸಾಮಾನ್ಯವಾಗಿ 20ರಿಂದ 22 ನಿಮಿಷಗಳ ಸಂಗೀತ ಹಿಡಿಯುತ್ತದೆ. ಹಾಗಾಗಿ ಆ ಕಾಲದ ಆಲ್ಬಮ್‌ಗಳು ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತವೆ, ನಿಮ್ಮ ಮೆಟ್ರೊ ದಾರಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಉಳಿದ ನಿಮಿಷಗಳನ್ನು ಟಿಪ್ಪಣಿಗೆ ಬಳಸಿಕೊಳ್ಳಿ, ಸಂಜೆಯವರೆಗೆ ಕಾಯಬೇಡಿ. ಇನ್ನೊಂದು ಮಾತು: ಬರೆದು ಮುಗಿಸುವವರೆಗೆ ಬೇರೆಯವರ ವಿಮರ್ಶೆಯನ್ನು ಓದಬಾರದು. ಓದಿದ ಮೇಲೆ ಬರೆದದ್ದು ನಿಮ್ಮ ಕೈಬರಹದಲ್ಲಿರುವ ಅವರ ಅಭಿಪ್ರಾಯವಷ್ಟೇ ಆಗುತ್ತದೆ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿತವಳು, ಕೆಲವು ಮಕ್ಕಳಿಗೆ ಪಾಠವನ್ನೂ ಹೇಳುತ್ತೇನೆ. ಮಗನ ಒತ್ತಾಯಕ್ಕೆ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಕೇಳಿದೆ. ಮೊದಲ ರಚನೆ ಶುರುವಾದ ಕೂಡಲೇ ಗಮಕವಿಲ್ಲದ ಖರಹರಪ್ರಿಯ ಎನ್ನಿಸಿತು. ಹೀಗೆಂದಾಗ ಮಗ ನಕ್ಕ. ಜಾಸ್ ಸಂಗೀತಕ್ಕೆ ರಾಗದ ಹೆಸರಿಡುವುದು ತಪ್ಪೇ? ಇನ್ನೊಂದು ಸಂಶಯ: ಮನೆಯಲ್ಲಿರುವುದು ನಮ್ಮ ಭಾವನವರ ಕಾಲದ ಹಳೆಯ ಎಲ್.ಪಿ. ಶ್ರುತಿಪೆಟ್ಟಿಗೆಯನ್ನು ಜೊತೆಗಿಟ್ಟುಕೊಂಡು ಕೇಳಿದರೆ ಮೊದಲ ಬದಿ ಶ್ರುತಿಗೆ ಕೂಡುವುದೇ ಇಲ್ಲ, ಎರಡನೆಯ ಬದಿ ಸಲೀಸಾಗಿ ಕೂಡುತ್ತದೆ. ನಮ್ಮ ಯಂತ್ರದ ದೋಷವೇ?
— ಓದುಗರು, ಮಲ್ಲೇಶ್ವರಂ

ಉತ್ತರ: ಎರಡನೆಯ ಸಂಶಯಕ್ಕೆ ಮೊದಲು ಉತ್ತರಿಸುತ್ತೇವೆ, ಏಕೆಂದರೆ ಅದರಿಂದ ನಿಮ್ಮ ಕಿವಿ ಎಂಥದೆಂದು ಗೊತ್ತಾಗುತ್ತದೆ. ಯಂತ್ರದಲ್ಲಿ ದೋಷವಿರಬೇಕಾಗಿಲ್ಲ; ಇದ್ದಿದ್ದರೆ ಎರಡು ಬದಿಗಳಲ್ಲೂ ಅದು ಕಾಣಿಸಿಕೊಳ್ಳುತ್ತಿತ್ತು. ಆ ಆಲ್ಬಮ್ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಸಂಸ್ಥೆಯ 30ನೇ ಬೀದಿಯ ಸ್ಟುಡಿಯೊದಲ್ಲಿ ಧ್ವನಿಮುದ್ರಣಗೊಂಡಿತು. ಮಾರ್ಚ್ ತಿಂಗಳ ಆ ದಿನ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಸ್ವಲ್ಪ ಏರುವುದು ಸಹಜ. ಅಂದು ಮುದ್ರಿಸಿದ ಮೂರು ರಚನೆಗಳೇ ಮೊದಲ ಬದಿಯಲ್ಲಿವೆ. ಎರಡನೆಯ ಬದಿ ಏಪ್ರಿಲ್‌ನದು. 1990ರ ದಶಕದ ಮರುಮುದ್ರಣಗಳಲ್ಲಿ ಇದನ್ನು ಸರಿಪಡಿಸಿದರು. ಅಲ್ಲಿಯವರೆಗೆ ದಶಕಗಳ ಕಾಲ ಜಗತ್ತಿನ ಕೇಳುಗರು ಏರಿದ ಶ್ರುತಿಯಲ್ಲೇ ಅದನ್ನು ಕೇಳಿ ಮೆಚ್ಚಿದರು. ನಿಮ್ಮ ಟಿಪ್ಪಣಿಯಲ್ಲಿ ಇದು ಖಂಡಿತ ಸೇರಬೇಕು. ಮಗನಿಗೂ ಓದಿ ಹೇಳಿ.

ಇನ್ನು ಖರಹರಪ್ರಿಯದ ಮಾತು. ‘ಸೋ ವಾಟ್’ ಎಂಬ ಆ ಮೊದಲ ರಚನೆ ಪಾಶ್ಚಾತ್ಯರು ಡೋರಿಯನ್ ಎಂದು ಕರೆಯುವ ಸ್ವರಶ್ರೇಣಿಯ ಮೇಲೆ ನಿಂತಿದೆ. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ ಎಂದು ಬಿಡಿಸಿಟ್ಟರೆ ಅದು ನಮ್ಮ 22ನೇ ಮೇಳವಾದ ಖರಹರಪ್ರಿಯವೇ ಸರಿ. ಆದ್ದರಿಂದ ನಿಮಗೆ ಹಾಗೆನ್ನಿಸಿದ್ದರಲ್ಲಿ ನಗುವಂಥದ್ದೇನೂ ಇಲ್ಲ. ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿದರೆ ಟಿಪ್ಪಣಿ ಸಪ್ಪೆಯಾಗುತ್ತದೆ. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದೇ ಹೆಚ್ಚು ಸ್ವಾರಸ್ಯದ ಸಂಗತಿ. ನಾಲ್ಕೆಣಿಕೆಯ 32 ಆವರ್ತಗಳ ಆ ರಚನೆಯನ್ನು ಎಂಟೆಂಟರ ನಾಲ್ಕು ಭಾಗಗಳಾಗಿ ಎಣಿಸಿಕೊಳ್ಳಿ. ಮೂರನೆಯ ಭಾಗದಲ್ಲಿ ಇಡೀ ಶ್ರೇಣಿ ಷಡ್ಜ ಸಮೇತ ಅರ್ಧ ಸ್ವರ ಮೇಲಕ್ಕೆ ಸರಿದು, ನಾಲ್ಕನೆಯ ಭಾಗದಲ್ಲಿ ಮತ್ತೆ ಕೆಳಗಿಳಿಯುತ್ತದೆ. ಇದು ಗ್ರಹಭೇದವಲ್ಲ. ಗ್ರಹಭೇದದಲ್ಲಿ ಸ್ವರಗಳು ಇದ್ದಲ್ಲೇ ಇದ್ದು ಆಧಾರವೊಂದೇ ಬದಲಾಗುತ್ತದೆ. ಇಲ್ಲಿ ಆಧಾರದೊಂದಿಗೆ ಎಲ್ಲವೂ ಸರಿಯುತ್ತವೆ. ತಂಬೂರಿಯನ್ನು ಕಛೇರಿಯುದ್ದಕ್ಕೂ ಅಲುಗಿಸದ ಸಂಪ್ರದಾಯದಲ್ಲಿ ಬೆಳೆದ ಕಿವಿಗೆ ಈ ಸರಿದಾಟ ಹೇಗನ್ನಿಸುತ್ತದೆ ಎಂಬುದನ್ನು ನಿಮ್ಮಂಥವರೇ ಬರೆಯಬೇಕು. ಅಮೆರಿಕದ ವಿಮರ್ಶಕರಿಗೆ ಅದು ಅಚ್ಚರಿಯ ವಿಷಯವೇ ಅಲ್ಲ, ಹಾಗಾಗಿ ಅವರು ಅದನ್ನು ಬರೆಯುವುದೂ ಇಲ್ಲ.

ಜೊತೆಗೆ ಆರಂಭವನ್ನು ಇನ್ನೊಮ್ಮೆ ಗಮನಿಸಿ. ಪಾಲ್ ಚೇಂಬರ್ಸ್ ಅವರ ಡಬಲ್ ಬಾಸ್ ವಾದ್ಯ, ಅಂದರೆ ಸಾಮಾನ್ಯವಾಗಿ ಹಿಂದೆ ನಿಲ್ಲುವ ಮಂದ್ರದ ವಾದ್ಯ, ಇಲ್ಲಿ ಸಂಗತಿಯನ್ನು ಎತ್ತಿಕೊಡುತ್ತದೆ; ಉಳಿದ ವಾದ್ಯಗಳು ಎರಡೇ ಸ್ವರಪುಂಜಗಳಲ್ಲಿ ಮರುಮಾತು ಹೇಳುತ್ತವೆ. ತಟ್ಟೆಯ ಹೊದಿಕೆಯ ಮೇಲಿನ ಬರಹದಲ್ಲಿ ಪಿಯಾನೊ ವಾದಕ ಬಿಲ್ ಇವಾನ್ಸ್ ಅವರು ಡೇವಿಸ್ ಈ ರಚನೆಗಳ ಚೌಕಟ್ಟನ್ನು ಧ್ವನಿಮುದ್ರಣಕ್ಕೆ ಕೆಲವೇ ಗಂಟೆಗಳ ಮುಂಚೆ ರೂಪಿಸಿದರೆಂದು ಹೇಳಿದ್ದಾರೆ. ಮನೋಧರ್ಮ ಸಂಗೀತ, ಅಂದರೆ ವೇದಿಕೆಯಲ್ಲೇ ಕಟ್ಟುತ್ತಾ ಹೋಗುವ ಸಂಗೀತ, ಬಲ್ಲವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಆದರೂ ರಾಗವೆಂದರೆ ಬರಿಯ ಆರೋಹಣ ಅವರೋಹಣವಲ್ಲವೆಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಅವರು ಖರಹರಪ್ರಿಯವನ್ನು ನುಡಿಸಿದರು ಎಂದು ಬರೆಯಬೇಡಿ. ನನಗೆ ಖರಹರಪ್ರಿಯದ ಬಾಗಿಲಿನಿಂದ ಪ್ರವೇಶ ಸಿಕ್ಕಿತು ಎಂದು ಧಾರಾಳವಾಗಿ ಬರೆಯಿರಿ.

ಪ್ರಶ್ನೆ: ಇಂಥ ಪಟ್ಟಿಗಳಲ್ಲೆಲ್ಲ ಅಮೆರಿಕ, ಇಂಗ್ಲೆಂಡುಗಳ ಆಲ್ಬಮ್‌ಗಳೇ ತುಂಬಿರುತ್ತವೆ. ಹೀಗೆ ಪೂರ್ತಿ ಕೂತು ಕೇಳಬೇಕಾದ ಆಲ್ಬಮ್ ಕನ್ನಡದಲ್ಲಿ ಒಂದೂ ಇಲ್ಲವೇ?
— ಓದುಗರು, ಗಿರಿನಗರ

ಉತ್ತರ: ಪಟ್ಟಿಗಳಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲಿ ಪ್ರಕಟಿಸಿದ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯಲ್ಲಿ ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಮೊದಲ ಸ್ಥಾನದಲ್ಲಿತ್ತು. 2020ರಲ್ಲಿ ಹೊಸದಾಗಿ ಮತ ಪಡೆದು ಪಟ್ಟಿಯನ್ನು ಮತ್ತೆ ಕಟ್ಟಿದಾಗ ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ಮೊದಲನೆಯದಾಯಿತು, ಬೀಟಲ್ಸ್ ತಂಡದ ಆ ಆಲ್ಬಮ್ 24ಕ್ಕೆ ಇಳಿಯಿತು. ತಟ್ಟೆಗಳು ಅವೇ ಇದ್ದವು, ಮತ ಹಾಕಿದವರು ಬೇರೆಯಾಗಿದ್ದರು.

ನಮ್ಮಲ್ಲಿ ಆಲ್ಬಮ್ ಎಂಬ ರೂಪ ತಡವಾಗಿ ಬಂತು ಎನ್ನುವುದು ನಿಜ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಆರಂಭದ ಮುದ್ರಿಕೆಗಳು ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳಲ್ಲಿದ್ದವು. ಒಂದು ರಾಗವನ್ನು ಮೂರು, ಮೂರೂವರೆ ನಿಮಿಷಗಳಲ್ಲಿ ಮುಗಿಸಬೇಕಾಗಿತ್ತು. ಆಮೇಲೆ ನಮ್ಮ ಕಿವಿಯನ್ನು ಸಿನಿಮಾ ಹಾಡುಗಳು ಆಳಿದವು, ಅವನ್ನು ನಾವು ಬಿಡಿಬಿಡಿಯಾಗಿಯೇ ನೆನಪಿಟ್ಟುಕೊಂಡೆವು. ಆದರೂ ಪೂರ್ತಿಯಾಗಿ ಕೇಳಬೇಕಾದವು ಇವೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂಬ ಹೆಸರು ಅದಕ್ಕಿದೆ. ಅದರ ಶೀರ್ಷಿಕೆ ಗೀತೆಯನ್ನು ರಾಜ್ಯೋತ್ಸವದ ವೇದಿಕೆಗಳಲ್ಲಿ ಎಷ್ಟು ಸಲ ಕೇಳಿದ್ದೇವೆಂದರೆ, ಅದು ಒಂದು ಗುಚ್ಛದ ಭಾಗವೆಂಬುದೇ ಮರೆತುಹೋಗಿದೆ. ಒಬ್ಬ ಕವಿ, ಒಬ್ಬ ಸಂಯೋಜಕ ಎಂಬ ಏಕಸೂತ್ರ ಅಲ್ಲಿದೆ. ಒಂದು ದಿನ ಮೊದಲಿನಿಂದ ಕೊನೆಯವರೆಗೆ ಕೇಳಿ ಬರೆಯಿರಿ. ಸಿ. ಅಶ್ವತ್ಥ್ ಸ್ವರ ಹಾಕಿದ ಶರೀಫರ ತತ್ವಪದಗಳಿಗೂ ಒಂದು ದಿನ ಮೀಸಲಿಡಿ.

ಭಾಷೆಯ ಹಂಗಿಲ್ಲದ್ದು ಬೇಕಿದ್ದರೆ 1967ರ ‘ಕಾಲ್ ಆಫ್ ದಿ ವ್ಯಾಲಿ’ ಇದೆ. ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್ ಸೇರಿ ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಕಟ್ಟಿಕೊಡುತ್ತವೆ. ಬೆಳಗಿನ ಅಹಿರ್ ಭೈರವದಿಂದ ಹೊರಟು ರಾತ್ರಿಯ ಪಹಾಡಿಗೆ ಬರುವ ಈ ಕ್ರಮವನ್ನು ಹಿಂದುಮುಂದು ಮಾಡಿ ಕೇಳಿದರೆ ಅರ್ಥವೇ ಕೆಡುತ್ತದೆ.

ಎಲ್ಲಕ್ಕಿಂತ ಕಷ್ಟದ್ದನ್ನು ಕೊನೆಗೆ ಹೇಳುತ್ತೇವೆ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ವೆಂಕಟೇಶ ಸುಪ್ರಭಾತದ ಎಲ್.ಪಿ. ಬಂದದ್ದು 1963ರಲ್ಲಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅದು ಕಾಫಿ, ಸ್ನಾನ, ಡಬ್ಬಿ ಕಟ್ಟುವ ಗಡಿಬಿಡಿಯ ನಡುವೆ ನಿತ್ಯವೂ ಮೊಳಗುತ್ತದೆ, ಯಾರೂ ಕೂತು ಕೇಳುವುದಿಲ್ಲ. ಅದನ್ನೇ ನಿಮ್ಮ ಪಟ್ಟಿಗೆ ಸೇರಿಸಿಕೊಂಡು, ಮಧ್ಯಾಹ್ನದ ಹೊತ್ತಿನಲ್ಲಿ, ಬೇರೇನೂ ಮಾಡದೆ ಕೇಳಿ ನೋಡಿ. ಅಷ್ಟು ಪರಿಚಿತವಾದದ್ದರ ಬಗ್ಗೆ ಹೊಸ ಅನಿಸಿಕೆ ಬರೆಯುವುದಕ್ಕೆ ಹೋಲಿಸಿದರೆ ವಿದೇಶದ ಯಾವ ಆಲ್ಬಮ್ ಕೂಡ ಸುಲಭವೇ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಹಾಡುಗಳ ಮಾತು ಹಿಡಿಯುವುದಿಲ್ಲ. ಸಾಹಿತ್ಯ ತಿಳಿಯದೆ ಬರೆದ ಅನಿಸಿಕೆಗೆ ಬೆಲೆ ಇದೆಯೇ?
— ಓದುಗರು, ಕೆಂಗೇರಿ

ಉತ್ತರ: ತೆಲುಗು ಬಾರದ ಎಷ್ಟೋ ಮಂದಿ ತ್ಯಾಗರಾಜರ ಕೃತಿಗಳನ್ನು ಕೇಳಿ ಕಣ್ಣೀರಿಟ್ಟಿದ್ದಾರೆ, ಅವರ ಅನಿಸಿಕೆಗೆ ಬೆಲೆ ಇಲ್ಲವೆಂದು ಯಾರೂ ಹೇಳಿಲ್ಲ. ಮೊದಲ ಸಲ ಸಾಹಿತ್ಯವಿಲ್ಲದೆಯೇ ಕೇಳಿ, ದನಿ ಏನು ಹೇಳುತ್ತಿದೆ ಎಂದು ಊಹಿಸಿ ಬರೆಯಿರಿ. ಆಮೇಲೆ ಸಾಹಿತ್ಯ ಓದಿ ಇನ್ನೊಂದು ಟಿಪ್ಪಣಿ ಬರೆಯಿರಿ, ಮೊದಲಿನದನ್ನು ಅಳಿಸಬೇಡಿ. ಮೇಲೆ ಹೇಳಿದ ಮಾರ್ವಿನ್ ಗೇ ಅವರ ಆಲ್ಬಮ್ ಇದಕ್ಕೆ ಒಳ್ಳೆಯ ಪರೀಕ್ಷೆ. ಒಂಬತ್ತು ಹಾಡುಗಳು ಒಂದರೊಳಗೊಂದು ಹರಿದುಹೋಗುತ್ತವೆ. ದನಿ ಮೃದು, ಲಯ ಹಿತ. ಮಾತು ತಿಳಿಯದವರು ಅದನ್ನು ಪ್ರೇಮಗೀತೆಗಳೆಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಅದು ವಿಯೆಟ್ನಾಂ ಯುದ್ಧದಿಂದ ಊರಿಗೆ ಮರಳಿದ ಸೈನಿಕನ ಕಣ್ಣಿನಿಂದ ಕಂಡ ಅಮೆರಿಕ. ಗಾಯಕರ ಸ್ವಂತ ತಮ್ಮನೇ ಆ ಯುದ್ಧದಲ್ಲಿದ್ದು ಬಂದವರು. ಅಷ್ಟು ಕಹಿಯಾದ ವಿಷಯಕ್ಕೆ ಅಷ್ಟು ಮೃದುವಾದ ದನಿ ಏಕೆ ಎಂಬ ಪ್ರಶ್ನೆ ಎರಡೂ ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟಾಗ ಏಳುತ್ತದೆ. ಮಾತು ಮೊದಲೇ ತಿಳಿದವರಿಗೆ ಅದು ಅಷ್ಟು ಬಲವಾಗಿ ಏಳಲಾರದು.

ಪ್ರಶ್ನೆ: ಇದಕ್ಕೆಲ್ಲ ಎಲ್.ಪಿ. ಯಂತ್ರವೇ ಬೇಕೇ, ಮೊಬೈಲ್ ಸಾಲದೇ?
— ಓದುಗರು, ವಿಜಯನಗರ

ಉತ್ತರ: ಸಾಕು. ಹಾಡುಗಳನ್ನು ಕಲಸಿ ನುಡಿಸುವ ಶಫಲ್ ಸೌಲಭ್ಯವನ್ನು ಮಾತ್ರ ಮೊದಲು ಆರಿಸಿ. ಗಾಯಕಿ ಅಡೆಲ್ ಅವರ ಕೋರಿಕೆಯ ಮೇರೆಗೆ 2021ರಲ್ಲಿ ಸ್ಪಾಟಿಫೈ ಸಂಸ್ಥೆ ಆಲ್ಬಮ್ ಪುಟದ ಮುಖ್ಯ ಗುಂಡಿಯಿಂದ ಅದನ್ನು ತೆಗೆದುಹಾಕಿತು. ಕ್ರಮಕ್ಕೆ ಅಷ್ಟು ಮಹತ್ವವಿದೆ. ಮರುಮುದ್ರಣಗಳ ಕೊನೆಯಲ್ಲಿ ಸೇರಿಸುವ ಹೆಚ್ಚುವರಿ ಹಾಡುಗಳನ್ನು ಮೊದಲ ಸಲ ಬಿಟ್ಟುಬಿಡಿ. ಹಳೆಯ ತಟ್ಟೆಗಳ ಮೋಹ ಹತ್ತಿ ಭಾನುವಾರ ಚಿಕ್ಕಪೇಟೆಯ ಕಡೆ ಹೋಗುವುದಾದರೆ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರುಗಳಿವೆಯೇ ಎಂದು ನೋಡಿಯೇ ಕೊಂಡುಕೊಳ್ಳಿ.

ಪ್ರಶ್ನೆ: ಕ್ಯಾಪ್ಟನ್ ಬೀಫ್‌ಹಾರ್ಟ್ ತಂಡದ ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ ಎಂಬ ಆಲ್ಬಮ್ ನನ್ನ ಪಾಲಿಗೆ ಬಂತು. ಅರ್ಧದಲ್ಲೇ ನಿಲ್ಲಿಸಿದೆ. ನಿಯಮದ ಪ್ರಕಾರ ಪೂರ್ತಿ ಕೇಳಲೇಬೇಕೆಂದು ಗೆಳತಿಯರ ವಾದ. ಏನು ಮಾಡಲಿ?
— ಓದುಗರು, ಜಯನಗರ

ಉತ್ತರ: ನಿಲ್ಲಿಸಿದ್ದು ಕೂಡ ಒಂದು ಅನಿಸಿಕೆಯೇ. ಎಷ್ಟನೆಯ ಹಾಡಿನಲ್ಲಿ, ಯಾವುದನ್ನು ತಾಳಲಾರದೆ ನಿಲ್ಲಿಸಿದಿರಿ ಎಂಬುದನ್ನು ಬರೆದಿಡಿ. 1969ರ ಆ ಆಲ್ಬಮ್ ಎರಡು ತಟ್ಟೆಗಳದ್ದು, 28 ರಚನೆಗಳು, ಹೆಚ್ಚುಕಡಿಮೆ 79 ನಿಮಿಷ. ವಾದ್ಯಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ, ಬೇರೆ ಬೇರೆ ಲಯದಲ್ಲಿ ಓಡುತ್ತಿರುವಂತೆ ಕೇಳಿಸುತ್ತದೆ. ವಾದಕರು ಒಂದೇ ಮನೆಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಅದನ್ನು ಹಾಗೆಯೇ ನುಡಿಸಲು ಕಲಿತರು ಎಂಬುದು ತಿಳಿದ ಮೇಲೆ ನಿಮಗೆ ಕುತೂಹಲ ಹುಟ್ಟಿದರೆ, ದಿನಕ್ಕೊಂದು ಬದಿಯಂತೆ ನಾಲ್ಕು ದಿನ ಕೇಳಿ. ಹುಟ್ಟದಿದ್ದರೆ ನಾಳೆಯ ಆಲ್ಬಮ್‌ಗೆ ಹೋಗಿ. ಗೆಳತಿಯರು ಒಪ್ಪದಿದ್ದರೆ, ಅವರು ಪೂರ್ತಿ ಕೇಳಿ ಬರೆದ ಟಿಪ್ಪಣಿಯನ್ನು ತೋರಿಸುವಂತೆ ಹೇಳಿ.