ದಾವಣಗೆರೆಯವರು ಯೂನಿವರ್ಸಿಟಿಗಳಲ್ಲಿ ಡೆವಲಪ್‌ಮೆಂಟ್, ಆಡಳಿತದ ಹುದ್ದೆ ಹುಡುಕುವುದು ಹೇಗೆ?

ಎಂಬಿಎ ಆಗಿದೆ, ನಾಲ್ಕು ವರ್ಷ ಎನ್‌ಜಿಒದಲ್ಲಿ ದೇಣಿಗೆ ತರುವ ಕೆಲಸ ಮಾಡಿದ್ದೀರಿ, ಪಾಠ ಹೇಳುವ ಮನಸ್ಸಿಲ್ಲ, ಆದರೆ ಯೂನಿವರ್ಸಿಟಿ ಕೆಲಸ ಬೇಕು ಅಂದಿದ್ದೀರಿ. ಮೊದಲ ತೊಡಕು ಹೆಸರಿನದ್ದೇ. ಸಂಸ್ಥೆಗೆ ದೇಣಿಗೆ ತರುವ ಕೆಲಸಕ್ಕೆ ಯೂನಿವರ್ಸಿಟಿಗಳಲ್ಲಿ ಡೆವಲಪ್‌ಮೆಂಟ್ ಅನ್ನುತ್ತಾರೆ. ಆದರೆ ‘ಡೆವಲಪ್‌ಮೆಂಟ್’ ಅಂತ ಹುಡುಕಿದರೆ ಸಾಫ್ಟ್‌ವೇರ್ ಕೆಲಸಗಳೇ ಸಾಲುಗಟ್ಟಿ ಬರುತ್ತವೆ. ‘ಅಭಿವೃದ್ಧಿ’ ಅಂದರೆ ಕಟ್ಟಡ ಕಾಮಗಾರಿ ನೋಡುವವರ ಕಡೆ ಕೈ ತೋರಿಸುತ್ತಾರೆ. ಅಲುಮ್ನಿ ರಿಲೇಶನ್ಸ್ (ಹಳೆ ವಿದ್ಯಾರ್ಥಿಗಳ ಸಂಪರ್ಕ), ಅಡ್ವಾನ್ಸ್‌ಮೆಂಟ್ (ಇದೂ ದೇಣಿಗೆ ತರುವ ಕೆಲಸವೇ), ಕಾರ್ಪೊರೇಟ್ ರಿಲೇಶನ್ಸ್, ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಅಂತ ಹುಡುಕಿ.

ತೋಳಹುಣಸೆಯ ದಾವಣಗೆರೆ ವಿವಿಯಿಂದಲೇ ಶುರು ಮಾಡಬೇಕು ಅನ್ನಿಸುವುದು ಸಹಜ. ಆದರೆ ರಾಜ್ಯ ವಿವಿಗಳಲ್ಲಿ ಹಳೆ ವಿದ್ಯಾರ್ಥಿ ಸಂಘ, ಪ್ಲೇಸ್‌ಮೆಂಟ್ ಎಲ್ಲ ಸಾಮಾನ್ಯವಾಗಿ ಮೇಷ್ಟ್ರುಗಳ ಹೆಗಲಿಗೇ ಹೆಚ್ಚುವರಿಯಾಗಿ ಬೀಳುತ್ತವೆ. ಅಲ್ಲಿನ ಎಫ್‌ಡಿಎ, ಎಸ್‌ಡಿಎ ಹುದ್ದೆಗಳು ಬೇರೆಯೇ ದಾರಿ, ನಿಮ್ಮ ಅನುಭವಕ್ಕೆ ಅಲ್ಲಿ ಬೆಲೆಯಿಲ್ಲ. ಬಳ್ಳಾರಿ ವಿವಿಗೆ ಹಾಕುವ ಮುಂಚೆ 371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟಿರುವ ಮೀಸಲಾತಿ, ನೋಡಿಕೊಳ್ಳಿ. ಹರಪನಹಳ್ಳಿಯವರಿಗೆ ಅದು ಸಿಗುತ್ತದೆ, ದಾವಣಗೆರೆ, ಚಿತ್ರದುರ್ಗದವರಿಗೆ ಇಲ್ಲ. ಹೊರಗುತ್ತಿಗೆ ಕೆಲಸಕ್ಕೆ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ನಿಮ್ಮ ಕೆಲಸ ನಿಜವಾಗಿ ಇರುವುದು ಐಐಎಸ್‌ಸಿ, ಐಐಟಿಗಳು, ದೊಡ್ಡ ಖಾಸಗಿ ವಿವಿಗಳಲ್ಲಿ. ಐಐಎಸ್‌ಸಿಗೆ ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ ಕ್ಯಾಂಪಸ್ ಇದೆ. ಅಲ್ಲಿ ಹೋಗಿ ಬಯೋಡೇಟಾ ಕೊಟ್ಟು ಬಂದರೆ ಪ್ರಯೋಜನವಿಲ್ಲ, ಪ್ರಕಟಣೆಗಾಗಿ ಬೆಂಗಳೂರಿನ ಮುಖ್ಯ ವೆಬ್‌ಸೈಟನ್ನೇ ನೋಡಬೇಕು. ವಾರಕ್ಕೊಮ್ಮೆ ಸಾಕು. ಆದರೆ ಕಾಯಂ ಹುದ್ದೆಯ ಪುಟ ಮಾತ್ರ ನೋಡಿ ಬಿಡಬೇಡಿ, ಗುತ್ತಿಗೆ ಹುದ್ದೆಗಳ ಪುಟವನ್ನೂ ತೆರೆಯಿರಿ.

ಇನ್ನು ಆಡಳಿತದ ಕಡೆ ನೋಡಿದರೆ, ಅಸಿಸ್ಟೆಂಟ್ ರಿಜಿಸ್ಟ್ರಾರ್ ಹುದ್ದೆಗೆ ಸ್ನಾತಕೋತ್ತರದಲ್ಲಿ ಕನಿಷ್ಠ 55% ಬೇಕು, ಕೇಂದ್ರ ಸಂಸ್ಥೆಗಳಲ್ಲಿ ವೇತನ ಶ್ರೇಣಿ ಲೆವೆಲ್ 10, ಮೂಲವೇತನ 56,100ರಿಂದ. 54.8 ಇದ್ದರೆ 55 ಅಂತ ಬರೆಯಬೇಡಿ, ದಾಖಲೆ ಪರಿಶೀಲನೆಯಲ್ಲಿ ಹೊರಬೀಳುತ್ತೀರಿ. ಸಿಜಿಪಿಎ ಆದರೆ ಶೇಕಡಾಕ್ಕೆ ಪರಿವರ್ತಿಸುವ ಸೂತ್ರದ ಪತ್ರವನ್ನು ನಿಮ್ಮ ವಿವಿಯಿಂದ ಈಗಲೇ ತಂದಿಟ್ಟುಕೊಳ್ಳಿ.

ಅತಿ ಹೆಚ್ಚು ಜನ ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ನಾಡಕಚೇರಿಯಲ್ಲಿ ಕೊಡುವ ರಾಜ್ಯದ 2ಎ, 3ಬಿ ಪ್ರವರ್ಗದ ಪತ್ರ ಕೇಂದ್ರದ ಹುದ್ದೆಗೆ ನಡೆಯದು. ಅದಕ್ಕೆ ಕೇಂದ್ರದ ನಮೂನೆಯ ಒಬಿಸಿ ಕೆನೆಪದರರಹಿತ ಪತ್ರವೇ ಆಗಬೇಕು. ರಾಜ್ಯದ ಪಟ್ಟಿಯಲ್ಲಿರುವ ಜಾತಿಯೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ, ಮೊದಲು ಅದನ್ನು ನೋಡಿ.

ಇನ್ನು ಬಯೋಡೇಟಾ. ‘ಫಂಡ್‌ರೈಸಿಂಗ್ ಅನುಭವವಿದೆ’ ಅನ್ನುವ ಸಾಲನ್ನು ತೆಗೆದುಹಾಕಿ. ಎಷ್ಟು ಪ್ರಪೋಸಲ್ ಬರೆದಿರಿ, ಎಷ್ಟು ಒಪ್ಪಿಗೆಯಾದವು, ಎಷ್ಟು ಲಕ್ಷ ಬಂತು, ಯುಸಿ (ಹಣ ಬಳಸಿದ್ದಕ್ಕೆ ಕೊಡುವ ಪ್ರಮಾಣಪತ್ರ) ಸಕಾಲಕ್ಕೆ ಕೊಟ್ಟಿರಾ ಅಂತ ಬರೆಯಿರಿ. ಸಂದರ್ಶನದಲ್ಲಿ ನಿಯಮ ಗೊತ್ತಾ ಅಂತ ನೋಡುತ್ತಾರೆ: ಸಿಎಸ್‌ಆರ್ ಬಗ್ಗೆ ಹೇಳುವ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, ಅದಕ್ಕೆ ಖರ್ಚು ಮಾಡಬೇಕಾದ ಸರಾಸರಿ ಲಾಭದ 2%, ಆ ಹಣ ಪಡೆಯುವ ಸಂಸ್ಥೆಗೆ ಬೇಕಾದ ಸಿಎಸ್‌ಆರ್-1 ನೋಂದಣಿ, ಎಫ್‌ಸಿಆರ್‌ಎ ಅಡಿ ಬರುವ ವಿದೇಶಿ ದೇಣಿಗೆ ಮೊದಲು ಬಂದು ಬೀಳಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಅನ್ನುವುದು. ಎನ್‌ಜಿಒದಲ್ಲಿ ಇದ್ದವರಿಗೆ ಇದು ಬಾಯಿಪಾಠ, ಬರೀ ಎಂಬಿಎ ಮಾಡಿದವರಿಗೆ ಅಲ್ಲ.

ಆನ್‌ಲೈನ್ ಅರ್ಜಿ ಹಾಕಿದ ಮೇಲೆ ಪ್ರಕಟಣೆಯ ಕೊನೇ ಪುಟ ಇನ್ನೊಮ್ಮೆ ಓದಿ. ಪ್ರಿಂಟ್ ತೆಗೆದು, ಸಹಿ ಹಾಕಿ ಸ್ಪೀಡ್‌ಪೋಸ್ಟ್‌ನಲ್ಲಿ ಕಳಿಸಿ ಅಂತ ಎಷ್ಟೋ ಕಡೆ ಅಲ್ಲೇ ಬರೆದಿರುತ್ತದೆ. ತಲುಪಬೇಕಾದ ದಿನಾಂಕವೂ ಬೇರೆಯೇ ಇರುತ್ತದೆ.