ಮರಳು ಕಾಪಾಡಿದ ರೇಷ್ಮೆ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ನೀವು ಕಳಿಸಿದ ‘ಚೀನಾದ ಕಸೂತಿ ಮತ್ತು ಮರುಭೂಮಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ. ಒಳಗೆ ಒಳ್ಳೆಯ ಲೇಖನವೊಂದು ಇದೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲ ಅರ್ಧ ಪೂರ್ತಿ ಪೂರ್ವ ಚೀನಾದ ಸುಝೌ ಊರಿನ ರೇಷ್ಮೆ ಕಸೂತಿ. ಎರಡನೆಯ ಅರ್ಧ ಪೂರ್ತಿ ವಾಯವ್ಯ ಚೀನಾದ ತಕ್ಲಮಕಾನ್ ಮರುಭೂಮಿ. ನಡುವೆ ನೀವು ಬರೆದಿರುವುದು ಒಂದೇ ವಾಕ್ಯ: ‘ಅದೇ ದೇಶದ ಇನ್ನೊಂದು ಅಚ್ಚರಿ ಮರುಭೂಮಿ.’ ಒಂದೇ ದೇಶದಲ್ಲಿವೆ ಅನ್ನುವುದು ಎರಡು ವಿಷಯಗಳನ್ನು ಜೊತೆಗಿಡಲು ಸಾಕಾಗುವ ಕಾರಣವಲ್ಲ, ಅಲ್ವಾ?

ನಿಜವಾದ ನಂಟು ನಿಮ್ಮ ಲೇಖನದಲ್ಲೇ ಇದೆ. ಐದನೇ ಪುಟದಲ್ಲಿ, ಸುಮ್ನೆ ಒಂದು ಸಾಲಾಗಿ ಬಂದು ಹೋಗುತ್ತದೆ. ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ಬುದ್ಧನ ಕಸೂತಿ! ಅದು 8ನೇ ಶತಮಾನದ್ದು. ಎತ್ತರ ಸುಮಾರು 2.4 ಮೀಟರ್, ಅಂದರೆ ಆಳೆತ್ತರಕ್ಕಿಂತ ಜಾಸ್ತಿ. ಅದರ ಚಿತ್ರಗಳನ್ನು ರೇಷ್ಮೆ ದಾರದಲ್ಲಿ ತುಂಬಿದ್ದಾರೆ. 11ನೇ ಶತಮಾನದ ಮೊದಲ ಭಾಗದಲ್ಲಿ ಆ ಪುಟ್ಟ ಗುಹೆಯನ್ನು ಮುಚ್ಚಿದರು. 1900ರಲ್ಲಿ ವಾಂಗ್ ಯುವಾನ್‌ಲು ಎಂಬ ತಾವೋ ಸನ್ಯಾಸಿಯ ಕಣ್ಣಿಗೆ ಅದು ಬಿತ್ತು. 1907ರಲ್ಲಿ ಪುರಾತತ್ವ ಶೋಧಕ ಆರೆಲ್ ಸ್ಟೈನ್ ಅಲ್ಲಿಂದ ಒಯ್ದ ವಸ್ತುಗಳಲ್ಲಿ ಈ ಕಸೂತಿಯೂ ಒಂದು. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನೆಲದ ತೇವ ತಾಗಿದರೆ ರೇಷ್ಮೆ ಉಳಿಯುವುದಿಲ್ಲ. ಹಾಗಿದ್ದೂ ಇದು ಮುಚ್ಚಿದ ಗುಹೆಯಲ್ಲಿ ಸುಮಾರು ಒಂಬೈನೂರು ವರ್ಷ ಹೇಗೆ ಉಳಿಯಿತು? ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 40 ಮಿ.ಮೀ. ಗಾಳಿ ಒಣಗಾಳಿ. ಮರುಭೂಮಿ ಆ ಬಟ್ಟೆಯನ್ನು ಕಾಪಾಡಿತು. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕು. ತೇವದ ನಾಡಿನಲ್ಲೂ ಹಳೆಯ ಕಸೂತಿ ಸಿಕ್ಕಿದೆಯಲ್ಲ ಅಂತ ಓದುಗರು ಕೇಳಬಹುದು. ಸಿಕ್ಕಿದೆ. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿಯಲ್ಲಿ 1972ರಲ್ಲಿ ತೆರೆದ ಸಮಾಧಿಯಲ್ಲಿ 2,100 ವರ್ಷಗಳಿಗೂ ಹಳೆಯ, ಸರಪಳಿ ಹೊಲಿಗೆಯ ಬಟ್ಟೆಗಳಿದ್ದವು. ಅಲ್ಲಿ ಸುತ್ತಲೂ ಇದ್ದಿಲು, ಬಿಳಿ ಜೇಡಿಮಣ್ಣು ದಪ್ಪಗೆ ತುಂಬಿ ಗಾಳಿ ಮತ್ತು ನೀರು ಒಳಗೆ ಹೋಗದಂತೆ ಮಾಡಿದ್ದರು. ಅಲ್ಲಿ ಮನುಷ್ಯರು ಕಷ್ಟಪಟ್ಟು ಮಾಡಿದ ಕೆಲಸವನ್ನು ಇಲ್ಲಿ ಒಣ ಹವೆ ತಾನಾಗಿ ಮಾಡಿದೆ.

ಗಾಳಿ ಯಾಕೆ ಅಷ್ಟು ಒಣಗಿತ್ತು ಅಂತ ಕೇಳಿಕೊಂಡರೆ ಎರಡನೆಯ ಅರ್ಧಕ್ಕೆ ದಾರಿ ತಾನೇ ಸಿಗುತ್ತದೆ. ಇಲ್ಲಿ ನಿಮ್ಮ ಬರಹ ತೀರಾ ತೆಳು. ‘ಮಳೆ ಇಲ್ಲದೆ ಮರುಭೂಮಿ ಆಯಿತು’ ಅಂತ ಬರೆದು ಮುಂದೆ ಹೋಗಿದ್ದೀರಿ. ಮಳೆ ಯಾಕಿಲ್ಲ? ತಕ್ಲಮಕಾನ್ ಇರುವ ತಾರಿಂ ಬಯಲಿನ ಪಶ್ಚಿಮ ಭಾಗದಲ್ಲಿ ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರವೇ ಇತ್ತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಗುದ್ದಿತು. ಆಮೇಲೆ ಹಿಮಾಲಯ, ಟಿಬೆಟ್, ಕುನ್‌ಲುನ್ ಬೆಟ್ಟಸಾಲು ಮೇಲೆದ್ದವು. ಸಮುದ್ರ ಪಶ್ಚಿಮಕ್ಕೆ ಹಿಂದೆ ಸರಿಯಿತು. ಹಿಂದೂ ಮಹಾಸಾಗರದ ತೇವದ ಗಾಳಿಗೆ ಗೋಡೆ ಅಡ್ಡ ಬಂತು. ನಾವು ನಿಂತಿರುವ ಈ ನೆಲವೇ ಹೋಗಿ ಆ ಮರುಭೂಮಿಗೆ ಕಾರಣವಾಯಿತು ಅನ್ನುವುದು ಕನ್ನಡದ ಓದುಗರಿಗೆ ಎಷ್ಟು ಹತ್ತಿರದ ಮಾತು ನೋಡಿ. ಮಳೆನೆರಳು ಅಂದರೆ ಏನು ಅಂತ ಹೇಳಲು ದೂರ ಹೋಗಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಘಟ್ಟದ ಆಚೆ ಚಳ್ಳಕೆರೆಯಲ್ಲಿ 500ರ ಆಸುಪಾಸು. ಎರಡೇ ಸಾಲು ಸಾಕು.

ಮೂರು ತಪ್ಪುಗಳನ್ನು ತಿದ್ದಲೇಬೇಕು. ದುನ್‌ಹುವಾಂಗ್ ತಕ್ಲಮಕಾನ್ ಒಳಗಿಲ್ಲ, ಅದರ ಪೂರ್ವಕ್ಕೆ ಗೋಬಿಯ ಅಂಚಿನಲ್ಲಿದೆ. ತಕ್ಲಮಕಾನ್ ‘ಸದಾ ಸುಡುವ ನೆಲ’ ಅಲ್ಲ, ಚಳಿಗಾಲದಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಇಳಿಯುತ್ತದೆ. ಇನ್ನು, ಆ ಹೆಸರಿಗೆ ‘ಹೋದವರು ಮರಳಿ ಬಾರರು’ ಎಂಬ ಅರ್ಥ ಜನರ ಬಾಯಲ್ಲಿ ಬೆಳೆದದ್ದು. ಅದನ್ನು ಖಚಿತ ಸಂಗತಿ ಎಂಬಂತೆ ಮೊದಲ ವಾಕ್ಯದಲ್ಲೇ ಇಡಬೇಡಿ.

‘ಜೀವದ ಸುಳಿವೇ ಇಲ್ಲ’ ಅಂದಿದ್ದೀರಿ. ಇದು ನನಗೆ ನಿಜಕ್ಕೂ ಬೇಸರ ತಂದಿತು. ಮಳೆಯನ್ನು ತಡೆದ ಅದೇ ಬೆಟ್ಟಗಳು ಹಿಮವನ್ನು ಹಿಡಿದಿಟ್ಟು ನೀರನ್ನೂ ಕೊಡುತ್ತವೆ. ಹೋತಾನ್ ನದಿ ಬೇಸಿಗೆಯಲ್ಲಿ ಹಿಮ ಕರಗಿದಾಗ ಮಾತ್ರ ತುಂಬಿ ಹರಿದು ಇಡೀ ಮರುಭೂಮಿಯನ್ನು ದಾಟುತ್ತದೆ. ನದಿಯ ದಡದಲ್ಲಿ ಹುಯಾಂಗ್ ಎಂಬ ಪಾಪ್ಲರ್ ಜಾತಿಯ ಮರಗಳಿವೆ. ಎಳೆಯ ಗಿಡದ ಎಲೆ ಸಪೂರ, ಬೆಳೆದ ಮರದ ಮೇಲಿನ ಕೊಂಬೆಗಳ ಎಲೆ ಅಗಲ. ಅದರ ಬೇರು ಆಳದ ನೀರನ್ನು ಹುಡುಕುತ್ತದೆ, ಉಪ್ಪನ್ನೂ ತಡೆದುಕೊಳ್ಳುತ್ತದೆ. ತಮರಿಸ್ಕ್ ಪೊದೆಯ ಬುಡದಲ್ಲಿ ಗಾಳಿ ಮರಳು ತಂದು ಸುರಿಯುತ್ತದೆ. ಪೊದೆ ಹೂತುಹೋಗದೆ ಮೇಲೆ ಮೇಲೆ ಚಿಗುರುತ್ತದೆ. ಕೊನೆಗೆ ಅದು ನಿಂತ ಜಾಗವೇ ದಿಬ್ಬವಾಗುತ್ತದೆ. ಪೂರ್ವದ ಒಣಗಿದ ಉಪ್ಪುಕೆರೆ ಲೋಪ್ ನೂರ್ ಕಡೆ ಎರಡು ಡುಬ್ಬದ ಕಾಡು ಒಂಟೆಗಳು ಉಪ್ಪುನೀರು ಕುಡಿದು ಬದುಕುತ್ತವೆ. ಮತ್ತೆ, ಅದೇ ಹಿಮದ ನೀರಿನಿಂದ ಹೋತಾನ್ ಊರಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ತೆಗೆಯುತ್ತಾರೆ. ನೋಡಿ, ರೇಷ್ಮೆ ಮತ್ತೆ ಬಂತು.

ಕಸೂತಿಯ ಭಾಗದಲ್ಲಿ ‘ಅತ್ಯದ್ಭುತ’ ಅನ್ನುವ ಪದ ಹನ್ನೊಂದು ಸಲ ಇದೆ. ಎಲ್ಲವನ್ನೂ ತೆಗೆಯಿರಿ. ಬದಲಿಗೆ ಕೆಲಸ ತೋರಿಸಿ. ಒಂದು ರೇಷ್ಮೆ ಎಳೆಯನ್ನು ಬೆರಳಲ್ಲೇ ಸೀಳಿ 16 ಭಾಗ, ಇನ್ನೂ ಸಪೂರವಾಗಿ ಮಾಡುತ್ತಾರೆ ಅಂತ ಹೇಳಿ. ಸುಝೌನ ಕಸೂತಿಗಾರ್ತಿ ಶೆನ್ ಶೋ ಬಗ್ಗೆ ಒಂದು ಪ್ಯಾರಾ ಬರೆಯಿರಿ. 1874ರಲ್ಲಿ ಹುಟ್ಟಿದ ಆಕೆ ಕಾಯಿಲೆಯಲ್ಲಿ ಮಲಗಿದ್ದಾಗ ತಮ್ಮ ಹೊಲಿಗೆಗಳ ವಿದ್ಯೆಯನ್ನು ಬಾಯಲ್ಲಿ ಹೇಳಿದರು, ಉದ್ಯಮಿ ಚಾಂಗ್ ಜಿಯಾನ್ ಬರೆದುಕೊಂಡರು. ಅದು 1919ರಲ್ಲಿ ಪುಸ್ತಕವಾಗಿ ಬಂತು. ಎರಡು ವರ್ಷದಲ್ಲಿ ಆಕೆ ತೀರಿಕೊಂಡರು.

ಕೊನೆಯ ಪುಟದಲ್ಲಿ ನಿಮ್ಮ ಅಜ್ಜಿ ಧಾರವಾಡದ ಮನೆಯಲ್ಲಿ ಇಳಕಲ್ ಸೀರೆಯ ಎಳೆ ಎಣಿಸುತ್ತಾ ನಮ್ಮ ಕಸೂತಿಯ ಗವಂತಿ ಹೊಲಿಗೆ ಹಾಕುವ ನಾಲ್ಕು ಸಾಲುಗಳಿವೆ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ನೋಡಿ ಬರೆದದ್ದು ಅದೊಂದೇ. ಗೊತ್ತಾಗುತ್ತದೆ. ಆದರೆ ‘ಸುಝೌ ಕಸೂತಿಯೂ ನಮ್ಮದರಂತೆಯೇ’ ಅನ್ನಬೇಡಿ. ನಮ್ಮದು ಎಳೆ ಎಣಿಸಿ ಹಾಕುವುದು, ಅವರದು ಬರೆದ ಚಿತ್ರವನ್ನು ದಾರದಿಂದ ತುಂಬುವುದು. ಒಂದು ಕಡೆ ಮಾತ್ರ ಎರಡೂ ಹತ್ತಿರ ಬರುತ್ತವೆ. ಗವಂತಿ ಎರಡೂ ಬದಿಯಲ್ಲಿ ಒಂದೇ ಥರ ಕಾಣುತ್ತದೆ, ಸುಝೌನ ಇಬ್ಬದಿಯ ಕಸೂತಿಯೂ ಹಾಗೇ. ಎರಡರಲ್ಲೂ ಗಂಟು ಹಾಕುವುದಿಲ್ಲ.

ಮುಂದಿನ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ. ಈಗಿನದಕ್ಕಿಂತ ಅರ್ಧದಷ್ಟಿದ್ದರೂ ಸಾಕು. ಅಜ್ಜಿ ದಾರದ ತುದಿಯನ್ನು ಎಲ್ಲಿ ಅಡಗಿಸುತ್ತಿದ್ದರು ಅನ್ನುವುದನ್ನು ಮಾತ್ರ ಬಿಡದೆ ಬರೆಯಿರಿ.